ಪುಣೆಯಲ್ಲಿ ಕಾರು ರಿಪೇರಿ: ಹೇಳಿದ್ದು ಎಂಟೂವರೆ ಸಾವಿರ, ಬಿಲ್ಲು ಹತ್ತೊಂಬತ್ತು ಸಾವಿರ

ಪ್ರಶ್ನೆ (ವಾಕಡ್‌ನಿಂದ)

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯವನಾದ ನಾನು ಕೆಲಸದ ನಿಮಿತ್ತ ವಾಕಡ್‌ನಲ್ಲಿ ನೆಲೆಸಿದ್ದೇನೆ. ನನ್ನದು ಎಂಟು ವರ್ಷ ಹಳೆಯ, ಪೆಟ್ರೋಲ್‌ನ ಸಣ್ಣ ಕಾರು. ಕಳೆದ ತಿಂಗಳು ಊರಿಗೆ ಹೊರಟಾಗ ಖಂಬಾಟ್ಕಿ ಘಾಟಿಯ ಏರಿನಲ್ಲಿ ಎಂಜಿನ್ನಿನ ಸದ್ದು ಹೆಚ್ಚುತ್ತಿತ್ತೇ ಹೊರತು ಗಾಡಿ ಮುಂದಕ್ಕೆ ಎಳೆಯುತ್ತಿರಲಿಲ್ಲ. ಸುಟ್ಟ ವಾಸನೆಯೂ ಬರತೊಡಗಿತು. ಹೇಗೋ ಪುಣೆಗೆ ಮರಳಿ, ಎಲ್ಲ ಕಂಪನಿಗಳ ಕಾರುಗಳನ್ನೂ ನೋಡುವ ಒಂದು ದೊಡ್ಡ ಗ್ಯಾರೇಜಿಗೆ ಕೊಟ್ಟೆ. ಕ್ಲಚ್ ಸವೆದಿದೆ, 8,500 ರೂಪಾಯಿ ಆಗುತ್ತದೆ ಎಂದು ಫೋನಿನಲ್ಲಿ ಹೇಳಿದರು, ನಾನು ಒಪ್ಪಿದೆ.

ಗಾಡಿ ತರಲು ಹೋದಾಗ ಕೈಗಿಟ್ಟ ಬಿಲ್ಲು 19,200 ರೂಪಾಯಿಯದು. ರಿಲೀಸ್ ಬೇರಿಂಗ್, ಫ್ಲೈವೀಲ್ ಲೇತ್ ಕೆಲಸ, ಗೇರ್ ಆಯಿಲ್, ಇಂಜೆಕ್ಟರ್ ಕ್ಲೀನಿಂಗ್, ಎಂಜಿನ್ ಫ್ಲಶ್ ಎಂದೆಲ್ಲ ಅದರಲ್ಲಿ ಸೇರಿದ್ದವು. ನಡುವೆ ಒಂದು ಕರೆಯನ್ನೂ ಮಾಡಿರಲಿಲ್ಲ. ಹಳೆಯ ಸಾಮಾನು ತೋರಿಸಿ ಎಂದರೆ ಗುಜರಿಗೆ ಹೋಯಿತೆಂಬ ಉತ್ತರ ಬಂತು. ಪೂರ್ತಿ ಹಣ ಕೊಡದೆ ಕಾರು ಹೊರಗೆ ಹೋಗದು ಎಂದೂ ಹೇಳಿದರು. ಹಣ ಕೊಟ್ಟು ತಂದಿದ್ದೇನೆ. ಕಾರು ಈಗ ಚೆನ್ನಾಗಿಯೇ ಓಡುತ್ತಿದೆ, ಅದನ್ನೂ ಹೇಳಬೇಕು. ಈ ಬಿಲ್ಲಿನಲ್ಲಿ ನ್ಯಾಯವಾದದ್ದು ಎಷ್ಟು? ಗಾಡಿಯನ್ನು ಹೀಗೆ ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗೆ ಇದೆಯೇ? ತಿಳಿದವರು ತಮ್ಮ ಅನುಭವವನ್ನೂ ಬರೆಯಬೇಕಾಗಿ ವಿನಂತಿ.

ಉತ್ತರ (ಭೋಸರಿಯಿಂದ)

ನಾನು ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿದ್ದೇನೆ. ನಿಮ್ಮ ಬಿಲ್ಲಿನ ಎಲ್ಲವನ್ನೂ ಮೋಸವೆಂದು ಒಂದೇ ಗಂಟಿಗೆ ಕಟ್ಟಬೇಡಿ. ಕ್ಲಚ್ ಪ್ಲೇಟ್ ಬದಲಿಸಬೇಕಾದರೆ ಗೇರ್‌ಬಾಕ್ಸನ್ನು ಕೆಳಗಿಳಿಸಲೇಬೇಕು, ಕೂಲಿಯ ಬಹುಪಾಲು ಅಲ್ಲಿಯೇ ಹೋಗುತ್ತದೆ. ಹಾಗೆ ಇಳಿಸಿದ ಮೇಲೆ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಮತ್ತು ಪೆಡಲ್ ತುಳಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕುವುದೇ ಸರಿ. ಆರು ತಿಂಗಳಿಗೆ ಬೇರಿಂಗ್ ಕಿರುಗುಟ್ಟಿದರೆ ಅಷ್ಟೇ ಕೂಲಿಯನ್ನು ಮತ್ತೊಮ್ಮೆ ತೆರಬೇಕಾಗುತ್ತದೆ. ಇಂತಹ ಕಾರುಗಳಲ್ಲಿ ಆ ಕೆಲಸಕ್ಕಾಗಿ ಗೇರ್ ಆಯಿಲ್ ಇಳಿಸಬೇಕಾಗುವುದರಿಂದ ಅದರ ಬಾಬತ್ತೂ ಸಹಜವೇ.

ಫ್ಲೈವೀಲಿನ, ಅಂದರೆ ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ ಕಡೆಯ ಗಾಲಿಯ, ಮಾತು ಬೇರೆ. ಮೇಲ್ಮೈಯಲ್ಲಿ ಗೀರು ಬಿದ್ದಿದ್ದರೆ ಅಥವಾ ಬಿಸಿಯಿಂದ ನೀಲಿಗಟ್ಟಿದ ಕಲೆಗಳಿದ್ದರೆ ಲೇತಿಗೆ ಹಾಕಿ ಸಮ ಮಾಡಿಸಬೇಕಾಗಬಹುದು. ಸುಟ್ಟ ವಾಸನೆ ಬಂದಿತ್ತೆಂದು ನೀವೇ ಬರೆದಿದ್ದೀರಿ, ಆದ್ದರಿಂದ ಅಗತ್ಯವಿದ್ದಿರಲೂಬಹುದು. ಆದರೆ ಒಂದು ಫೋಟೋ ತೆಗೆದು ಕಳುಹಿಸಲು ಅರ್ಧ ನಿಮಿಷ ಸಾಕಿತ್ತು. ಇನ್ನು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳ ಕ್ಲೀನಿಂಗ್ ಮತ್ತು ಎಂಜಿನ್ನಿನ ಒಳಭಾಗ ತೊಳೆಯುವ ಎಂಜಿನ್ ಫ್ಲಶ್, ಇವೆರಡಕ್ಕೂ ಕ್ಲಚ್ಚಿಗೂ ಯಾವ ಸಂಬಂಧವೂ ಇಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಇವೆರಡರ ಹಣವನ್ನಷ್ಟೇ ವಾಪಸ್ ಕೇಳುತ್ತಿದ್ದೆ.

ಉತ್ತರ (ಕೋಥ್ರೂಡ್‌ನಿಂದ)

ನನ್ನದು ಒಳ್ಳೆಯ ಅನುಭವ, ಪೂರ್ತಿ ಒಳ್ಳೆಯದೆಂದು ಹೇಳಲಾರೆ. ಕಾರಿನ ಮುಂದಿನ ಎಡಚಕ್ರದಿಂದ ತಗಡು ಕೆರೆದಂತೆ ಸದ್ದು ಬರುತ್ತಿತ್ತು. ಅಧಿಕೃತ ಸರ್ವಿಸ್ ಸೆಂಟರಿನ ಅಡ್ವೈಸರ್ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿ, ಎರಡೂ ಕಡೆಯ ಡಿಸ್ಕ್ ಮತ್ತು ಬ್ರೇಕ್ ಪ್ಯಾಡ್‌ಗಳನ್ನು ಬದಲಿಸಬೇಕೆಂದು ಅಂದಾಜು ಪಟ್ಟಿ ಬರೆದುಕೊಟ್ಟ. ನೆರೆಮನೆಯವರ ಮಾತಿನಂತೆ ಕರ್ವೇನಗರದ ಓಣಿಯಲ್ಲಿರುವ ಒಬ್ಬ ಮೆಕ್ಯಾನಿಕ್ ಬಳಿಗೆ ಹೋದೆವು. ಆತ ಬೆಲೆಯನ್ನೇ ಎತ್ತದೆ ‘ಬಘೂನ್ ಸಾಂಗತೋ’ (ನೋಡಿ ಹೇಳುತ್ತೇನೆ) ಎಂದು ಚಕ್ರ ಬಿಚ್ಚಿ ನನ್ನನ್ನು ಹತ್ತಿರ ಕರೆದ. ಡಿಸ್ಕಿಗೂ ಅದರ ಹಿಂದಿನ ತಗಡಿನ ಮರೆಗೂ ನಡುವೆ ಕಡಲೆಕಾಳಿನಷ್ಟು ಗಾತ್ರದ ಜಲ್ಲಿಚೂರು ಸಿಕ್ಕಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ತಗಡನ್ನು ಒಂದಿಷ್ಟು ಬಾಗಿಸಿದ ಕೂಡಲೇ ಅದು ಕೆಳಗೆ ಬಿತ್ತು. ಪ್ಯಾಡ್ ಇನ್ನೂ ಅರ್ಧಕ್ಕಿಂತ ಹೆಚ್ಚು ದಪ್ಪವಿರುವುದನ್ನೂ ಬೆರಳಿಟ್ಟು ತೋರಿಸಿದ. ತೆಗೆದುಕೊಂಡದ್ದು ನೂರೈವತ್ತು ರೂಪಾಯಿ.

ಅಂದಿನಿಂದ ಗಾಡಿ ಅಲ್ಲಿಗೇ ಹೋಗುತ್ತದೆ. ಆದರೆ ಆತ ಸಂಜೆ ಎಂದರೆ ಮಾರನೆಯ ಸಂಜೆ ಎಂದು ತಿಳಿಯಬೇಕು; ಗಣೇಶನ ಹಬ್ಬದ ಹತ್ತು ದಿನವಂತೂ ಫೋನೇ ಎತ್ತುವುದಿಲ್ಲ. ಬಿಲ್ಲನ್ನು ನಾವೇ ಕೇಳಿ ಬರೆಸಿಕೊಳ್ಳಬೇಕು. ಏರ್‌ಬ್ಯಾಗ್ ದೀಪ ಹೊತ್ತಿದಾಗ ಮಾತ್ರ, ಅದು ತನ್ನ ಕೈಯ ಕೆಲಸವಲ್ಲವೆಂದು ಕಂಪನಿಗೇ ಕಳುಹಿಸಿಕೊಟ್ಟ. ನನಗೆ ಅವನ ಮೇಲೆ ನಂಬಿಕೆ ಹೆಚ್ಚಿದ್ದು ಆ ದಿನವೇ.

ಉತ್ತರ (ಶಿವಾಜಿನಗರದಿಂದ)

ಗಾಡಿ ಹಿಡಿದಿಟ್ಟುಕೊಳ್ಳುವ ಪ್ರಶ್ನೆಗೆ ಉತ್ತರ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲದ ಕೆಲಸ ಮಾಡಿದವನು ತನಗೆ ಸಲ್ಲಬೇಕಾದ ಹಣ ಬರುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಆದರೆ ಆ ಕೆಲಸ ವಸ್ತುವನ್ನು ಒಪ್ಪಿಸಿದ ಉದ್ದೇಶಕ್ಕೆ ಅನುಗುಣವಾಗಿರಬೇಕೆಂದು ಅದೇ ಕಲಮು ಹೇಳುತ್ತದೆ; ಕ್ಲಚ್ಚಿಗೆಂದು ಕೊಟ್ಟ ಕಾರಿನಲ್ಲಿ ಕೇಳದೆ ಮಾಡಿದ ಎಂಜಿನ್ ಫ್ಲಶ್ ಅದರೊಳಗೆ ಸುಲಭವಾಗಿ ಸೇರದು. ಅಂತಹ ಸಂದರ್ಭದಲ್ಲಿ ಜಗಳವಾಡುತ್ತ ನಿಲ್ಲುವುದಕ್ಕಿಂತ, ‘ಆಕ್ಷೇಪಣೆಗೆ ಒಳಪಟ್ಟು ಪಾವತಿಸಲಾಗಿದೆ’ ಎಂದು ಬಿಲ್ಲಿನ ಮೇಲೆಯೇ ಬರೆದು ಹಣ ಕೊಟ್ಟು ಗಾಡಿಯನ್ನು ತಂದುಕೊಳ್ಳುವುದು ಮೇಲು. ನೀವು ಹಾಗೆ ಬರೆಯದಿದ್ದರೂ ದಾರಿ ಮುಚ್ಚಿಲ್ಲ.

ಮೊದಲು ಗ್ಯಾರೇಜಿಗೆ ಲಿಖಿತ ದೂರು ಕೊಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿಯೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ನೀವು ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರುದಾರರು ವಾಸಿಸುವ ಊರಿನಲ್ಲಿಯೂ ದೂರು ದಾಖಲಿಸಲು ಈ ಕಾಯ್ದೆ ಅವಕಾಶ ಕೊಟ್ಟಿರುವುದರಿಂದ, ನಾಳೆ ನೀವು ಹುಬ್ಬಳ್ಳಿಗೆ ಮರಳಿದರೂ ಇದಕ್ಕಾಗಿ ಪುಣೆಗೆ ಓಡಾಡಬೇಕಾಗಿಲ್ಲ. ಕೋಥ್ರೂಡ್‌ನವರೇ, ಬಿಲ್ಲು ಕೊಡದಿರುವುದನ್ನೂ ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಒಳ್ಳೆಯ ಮೆಕ್ಯಾನಿಕ್ ಎಂದು ರಿಯಾಯಿತಿ ಇಲ್ಲ.

ಉತ್ತರ (ನಾನಾ ಪೇಠ್‌ನಿಂದ)

ಬಿಡಿಭಾಗಗಳ ಅಂಗಡಿಯ ಗಲ್ಲಾದಲ್ಲಿ ಕುಳಿತವನ ಮಾತನ್ನೂ ಕೇಳಿ. ಹಳೆಯ ಸಾಮಾನನ್ನು ಎಲ್ಲರೂ ಕೇಳುತ್ತಾರೆ, ಹೊಸದರ ಖಾಲಿ ಡಬ್ಬಿಯನ್ನು ಯಾರೂ ಕೇಳುವುದಿಲ್ಲ. ಭಾಗದ ಸಂಖ್ಯೆ, ತಯಾರಾದ ತಿಂಗಳು, ಗರಿಷ್ಠ ಮಾರಾಟ ಬೆಲೆ ಎಲ್ಲವೂ ಆ ಡಬ್ಬಿಯ ಮೇಲೆಯೇ ಇರುತ್ತವೆ. ಬಿಲ್ಲಿನ ಜೊತೆ ಹೊಂದಿಸಿ ನೋಡಿದರೆ ಅರ್ಧ ಸಂಶಯ ಅಲ್ಲಿಯೇ ತೀರುತ್ತದೆ. ಹಳೆಯ ಪ್ಲೇಟಿಗೆ ಹೊಸ ಲೈನಿಂಗ್ ಹಚ್ಚಿ ಹೊಸದರ ದರಕ್ಕೆ ಹಾಕುವವರೂ ಇರುವುದರಿಂದ, ಡಬ್ಬಿ ಇಲ್ಲವೆಂದರೆ ಅನುಮಾನಿಸಬಹುದು.

ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿ ಹೋಗುತ್ತದೆಂದು ಹೆದರಿ ದುಬಾರಿ ಬಿಲ್ಲು ಕಟ್ಟುವವರೂ ಬಹಳ ಜನ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿದ ಆದೇಶದಲ್ಲಿ, ಅಸಲಿ ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕು, ಅಲ್ಲಿ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಇರಬಾರದು ಎಂದು ಹೇಳಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ವಾರಂಟಿ ಬಾಕಿ ಇರುವ ಗಾಡಿಗೆ ಕಂಪನಿಯೇ ನಿರಾಳ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಎಂಟು ವರ್ಷದ ಗಾಡಿಗೆ ಆ ಚಿಂತೆ ಬೇಡ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಇಂಜೆಕ್ಟರ್ ಕ್ಲೀನಿಂಗ್ ಮತ್ತು ಫ್ಲಶ್ ಸೇರಿ 3,500 ರೂಪಾಯಿ ಇದೆ; ಅದನ್ನು ವಾಪಸ್ ಕೇಳಿ, ಕ್ಲಚ್ ಸೆಟ್ಟಿನ ಡಬ್ಬಿಯನ್ನೂ ಕೇಳಿ ಇಂದೇ ಪತ್ರ ಬರೆಯುತ್ತೇನೆ. ಫ್ಲೈವೀಲಿನ ವಿಷಯವನ್ನು ಬಿಟ್ಟುಬಿಡುತ್ತೇನೆ. ಕೋಥ್ರೂಡ್‌ನವರು ಆ ಮೆಕ್ಯಾನಿಕ್‌ನ ಓಣಿಯ ಗುರುತನ್ನು ಖಾಸಗಿಯಾಗಿ ತಿಳಿಸಿದರೆ ಉಪಕಾರವಾಗುತ್ತದೆ, ಗಣೇಶನ ಹಬ್ಬಕ್ಕೆ ಇನ್ನೂ ಸಮಯವಿದೆ.