ಮಗಳು ಪರ್ವತಾರೋಹಣ ಕಲಿಯೋಕೆ ಉತ್ತರಕಾಶಿಗೆ ಹೋಗ್ತೀನಿ ಅಂತಿದ್ದಾಳೆ. ಕಳಿಸಲಾ?

ಶಹಾಪುರದ ತಾಯಿ

ಎಲ್ಲರಿಗೂ ಶರಣು. ನಾವು ಯಾದಗಿರಿ ಜಿಲ್ಲೆ ಶಹಾಪುರದವರು. ಮಗಳಿಗೆ 20 ವರ್ಷ, ಬಿ.ಎಸ್ಸಿ. ಕೊನೇ ವರ್ಷ. ಹೋದ ವರ್ಷ ಎನ್‌ಸಿಸಿ ಕ್ಯಾಂಪಿನಲ್ಲಿ ಹಗ್ಗ ಕಟ್ಟಿಕೊಂಡು ಬಂಡೆ ಇಳಿಯೋದು ಕಲಿಸಿದ್ದಾರೆ. ಅವತ್ತಿನಿಂದ ಮನೆಯಲ್ಲಿ ಅದೇ ಮಾತು. ರಾತ್ರಿ ಊಟ ಆದ ಮೇಲೆ ಅಟ್ಟದಲ್ಲಿದ್ದ ಹಳೇ ಬಾವಿ ಹಗ್ಗ ತಂದು ಮಂಚದ ಕಾಲಿಗೆ ಕಟ್ಟಿ, ಕಣ್ಣು ಮುಚ್ಚಿಕೊಂಡು ಗಂಟು ಹಾಕ್ತಾಳೆ, ಬಿಚ್ಚುತ್ತಾಳೆ, ಮತ್ತೆ ಹಾಕ್ತಾಳೆ. ಕಣ್ಣು ಯಾಕೆ ಮುಚ್ಚಬೇಕು ಅಂತ ಕೇಳಿದೆ. ಕತ್ತಲಲ್ಲಿ, ಚಳಿಗೆ ಬೆರಳು ಮರಗಟ್ಟಿದಾಗಲೂ ಗಂಟು ತಪ್ಪಬಾರದು ಅವ್ವಾ ಅಂದಳು.

ಈಗ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ 28 ದಿನದ ಬೇಸಿಕ್ ಕೋರ್ಸ್‌ಗೆ ಅರ್ಜಿ ಹಾಕ್ತೀನಿ ಅಂತ ಕೂತಿದ್ದಾಳೆ. ಎವರೆಸ್ಟ್ ಹತ್ತಿದ ಭಾರತದ ಮೊದಲ ಹೆಣ್ಣುಮಗಳು ಬಚೇಂದ್ರಿ ಪಾಲ್ ಕಲಿತದ್ದು ಅಲ್ಲೇ ಅಂತೆ. ಮನೆಯವರು ಬೇಡ ಅಂತಾರೆ. ವರ ನೋಡೋ ಹೊತ್ತಲ್ಲಿ ಇದೇನು ಅಂತ ಅತ್ತೆಯವರ ಮಾತು. ನನಗೆ ಬೇಡ ಅನ್ನೋಕೂ ಆಗ್ತಿಲ್ಲ, ಹೂಂ ಅನ್ನೋಕೂ ಧೈರ್ಯ ಸಾಲ್ತಿಲ್ಲ. ಚಿಕ್ಕವಳಿದ್ದಾಗ ನಾನೂ ಅಣ್ಣಂದಿರ ಜೊತೆ ಹೊಲದ ಬಾವೀಲಿ ಮೇಲಿನ ಮೆಟ್ಟಿಲಿಂದ ಹಾರಿ ಈಜ್ತಿದ್ದೆ. ದೊಡ್ಡವಳಾದ ಮೇಲೆ ಬಿಡಿಸಿದರು. ಯಾರೂ ಹೊಡೀಲಿಲ್ಲ, ಬೈಯಲಿಲ್ಲ, ಇನ್ನು ಸಾಕು ಅಂದರು ಅಷ್ಟೇ. ಈಗ ನನಗೆ 44. ಆ ನೀರಿನ ತಂಪು ಇನ್ನೂ ಮೈಗೆ ನೆನಪಿದೆ.

ಗೊತ್ತಿರೋರು ದಯವಿಟ್ಟು ಹೇಳಿ. 43 ಡಿಗ್ರಿ ಬಿಸಿಲಲ್ಲಿ ಬೆಳೆದ ಹುಡುಗಿ ಹಿಮ ತಡೆದುಕೊಳ್ತಾಳಾ? 2022ರಲ್ಲಿ ಅಲ್ಲಿ ಕಲಿಯೋ ಮಕ್ಕಳ ಮೇಲೆ ಹಿಮ ಕುಸಿದು ಸತ್ತರು ಅಂತ ಸುದ್ದಿ ಬಂದಿತ್ತಲ್ಲ, ಅದನ್ನ ನೆನೆಸಿಕೊಂಡರೆ ನಿದ್ದೆ ಬರಲ್ಲ. ಇನ್ನೊಂದು, ಕೋರ್ಸ್ ಮುಗಿದ ಮೇಲೆ ಏನು? ಇದರಲ್ಲಿ ಒಬ್ಬ ಹೆಣ್ಣುಮಗಳಿಗೆ ಬದುಕು ಅಂತ ಆಗುತ್ತಾ, ಇಲ್ಲ ಒಂದು ಸಲ ಫೋಟೋ ತೆಗೆಸಿಕೊಂಡು ಬರೋದಾ?

ಕಲಬುರಗಿ ನಡಿಗೆ

ಅಕ್ಕಾ, ನಾನು ಕಲಬುರಗಿಯವಳು, ಬ್ಯಾಂಕಿನಲ್ಲಿ ಕೆಲಸ. 24ನೇ ವಯಸ್ಸಿಗೆ ಇದೇ ಬೇಸಿಕ್ ಕೋರ್ಸ್ ಮಾಡಿದ್ದೀನಿ. ಮೊದಲು ನಿಮ್ಮ ನಿದ್ದೆ ಕೆಡಿಸಿದ ವಿಷಯಕ್ಕೇ ಬರ್ತೀನಿ.

ಆ ಸುದ್ದಿ ನಿಜ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ ಶಿಖರದ ಹತ್ತಿರ ಅಡ್ವಾನ್ಸ್ ಕೋರ್ಸ್‌ನ ತಂಡದ ಮೇಲೆ ಹಿಮ ಕುಸಿಯಿತು. 27 ಜನರ ದೇಹ ಸಿಕ್ಕಿತು, ಇಬ್ಬರು ಸಿಗಲೇ ಇಲ್ಲ. ಸವಿತಾ ಕನ್ಸ್ವಾಲ್ ಅಂತ ತರಬೇತಿ ಕೊಡ್ತಿದ್ದವರೂ ಹೋದರು. ಅದೇ ವರ್ಷ ಮೇ ತಿಂಗಳಲ್ಲಿ 16 ದಿನದೊಳಗೆ ಎವರೆಸ್ಟ್, ಮಕಾಲು ಎರಡೂ ಹತ್ತಿದ್ದ ಹುಡುಗಿ ಅವರು. ಅಂಥವರನ್ನೇ ಬೆಟ್ಟ ಬಿಡಲಿಲ್ಲ. ಅಪಾಯ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇಸಿಕ್ ಕೋರ್ಸ್‌ನಲ್ಲಿ ಅಷ್ಟು ಎತ್ತರದ ಶಿಖರ ಹತ್ತಿಸಲ್ಲ. ಮೊದಲು ತೇಖ್ಲಾ ಅನ್ನೋ ಜಾಗದಲ್ಲಿ ಬಂಡೆ, ಆಮೇಲೆ ಮೇಲಿನ ಕ್ಯಾಂಪು, ಹಿಮನದಿ ಮೇಲೆ ನಡೆಯೋದು, ಬಿದ್ದರೆ ಐಸ್ ಆಕ್ಸ್ ಚುಚ್ಚಿ ಜಾರೋದನ್ನ ನಿಲ್ಲಿಸೋದು. ಅಪಾಯವನ್ನ ಗುರುತಿಸೋಕೆ ಕಲಿಸೋದೇ ಆ ಕೋರ್ಸಿನ ಅರ್ಧ ಪಾಠ.

ಬಿಸಿಲಲ್ಲಿ ಬೆಳೆದಿರೋದು ಅಡ್ಡಿ ಅಲ್ಲ. ಚಳಿಗೆ ಬಟ್ಟೆ ಇದೆ. ಕಾಡೋದು ಎತ್ತರ. ಮೇಲೆ ಹೋದಷ್ಟೂ ಗಾಳಿ ತೆಳು ಆಗುತ್ತೆ, ತಲೆನೋವು ಬರುತ್ತೆ, ಊಟ ಸೇರಲ್ಲ. ನನ್ನ ಜೊತೆ ಬೆಟ್ಟದ ಸೀಮೆಯ ಹುಡುಗಿಯರೂ ಇದ್ದರು, ಅವರಿಗೂ ತಲೆ ಸಿಡಿಯಿತು. ಹಗಲು ಮೇಲೆ ಹತ್ತಿ, ರಾತ್ರಿ ಕೆಳಗಿಳಿದು ಮಲಗಿ, ಹಾಗೆ ದಿನ ದಿನಕ್ಕೆ ಮೈ ಒಗ್ಗಿಸಿಕೊಳ್ಳಬೇಕು. ಆತುರ ಪಟ್ಟವರೇ ಬೀಳೋದು.

ಆದರೆ ಒಂದು ವಿಷಯ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಇವತ್ತೇ ಮಗಳ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಹುಡುಗಿಯರಿಗೆ ರಕ್ತ ಕಡಿಮೆ ಇರೋದು ತುಂಬಾ ಸಾಮಾನ್ಯ, ನೋಡೋಕೆ ಗಟ್ಟಿಯಾಗೇ ಕಾಣ್ತಾರೆ. ನನ್ನದು 9 ಇತ್ತು. ಡಾಕ್ಟರ್ ಫಾರ್ಮಿಗೆ ಸಹಿ ಹಾಕಲಿಲ್ಲ. ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಆಮೇಲೆ ಗೊತ್ತಾಯ್ತು, ಅವರು ಮಾಡಿದ್ದೇ ಸರಿ. ತೆಳು ಗಾಳೀಲಿ ಉಸಿರನ್ನ ಮೈಗೆ ಸಾಗಿಸೋದೇ ರಕ್ತ ತಾನೇ. ಮೂರು ತಿಂಗಳು ಕಬ್ಬಿಣಾಂಶದ ಮಾತ್ರೆ ನುಂಗಿದೆ, ಊಟದ ಜೊತೆ ಚಹಾ ಬಿಟ್ಟೆ, ಮುಂದಿನ ಬ್ಯಾಚ್‌ಗೆ ಹೋದೆ. ಊಟದ ಹೊತ್ತಿಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತಲ್ಲರೀ.

ಮುಟ್ಟಿನ ವಿಷಯಕ್ಕೂ ಹೆದರಬೇಡಿ. ಎತ್ತರದಲ್ಲಿ ತಾರೀಕು ಹಿಂದೆಮುಂದೆ ಆಗಬಹುದು. ಪ್ಯಾಡ್ ಜಾಸ್ತಿನೇ ಒಯ್ಯಲಿ, ಬಳಸಿದ್ದನ್ನ ಕಾಗದದಲ್ಲಿ ಸುತ್ತಿ ಗಟ್ಟಿ ಚೀಲದಲ್ಲಿ ಕೆಳಗೆ ತರಬೇಕು, ಹಿಮದಲ್ಲಿ ಹೂಳಬಾರದು. ಹೆಣ್ಣುಮಕ್ಕಳಿಗೆ ಅಂತಲೇ ಬೇರೆ ಬ್ಯಾಚ್ ಕೂಡ ಇರುತ್ತೆ, ಸೀಟು ಬೇಗ ತುಂಬುತ್ತೆ, ಮುಂಚೆಯೇ ಅರ್ಜಿ ಹಾಕಿ.

ಯಾದಗಿರಿ ಮೇಷ್ಟ್ರು

ತಂಗಿ, ನಾನು ನಿವೃತ್ತ ಪಿ.ಟಿ. ಮೇಷ್ಟ್ರು. ನಿಮ್ಮ ಕೊನೇ ಪ್ರಶ್ನೆ ಇದೆಯಲ್ಲ, ಬದುಕು ಅಂತ ಆಗುತ್ತಾ ಅಂತ, ಅದಕ್ಕೆ ಬಚೇಂದ್ರಿ ಪಾಲ್ ಅವರ ಜೀವನವನ್ನೇ ಪೂರ್ತಿ ಓದಬೇಕು. ನಮ್ಮ ಪಾಠಗಳಲ್ಲಿ ಎವರೆಸ್ಟ್ ತುದೀಲೇ ಅವರ ಕಥೆ ನಿಲ್ಲಿಸಿಬಿಡ್ತಾರೆ. ನನಗೆ ಅದರ ಬಗ್ಗೆ ಮೊದಲಿನಿಂದ ಬೇಜಾರು.

ಉತ್ತರಕಾಶಿ ಹತ್ತಿರದ ನಾಕುರಿಯಲ್ಲಿ 1954ರಲ್ಲಿ ಹುಟ್ಟಿದರು. ತಂದೆ ಕುದುರೆ, ಹೇಸರಗತ್ತೆ ಮೇಲೆ ಟಿಬೆಟ್ ಗಡಿಗೆ ಸಾಮಾನು ಹೊತ್ತು ವ್ಯಾಪಾರ ಮಾಡ್ತಿದ್ದವರು. ಈಕೆ ಬಟ್ಟೆ ಹೊಲಿದು ಓದಿನ ಖರ್ಚು ದುಡಿದುಕೊಂಡು ಎಂ.ಎ., ಬಿ.ಎಡ್. ಮಾಡಿದರು. ಮನೆಯವರಿಗೆ ಮಗಳು ಟೀಚರ್ ಆಗಲಿ ಅಂತ ಆಸೆ. ನಿಮ್ಮ ಮನೆಯಲ್ಲಿ ಇವತ್ತು ನಡೀತಿರೋ ಮಾತೇ ಆ ಬೆಟ್ಟದ ಊರಲ್ಲೂ ನಡೆದಿತ್ತು.

ಎವರೆಸ್ಟ್ ಹತ್ತುವಾಗ, 1984ರ ಮೇ 15ರ ರಾತ್ರಿ ಸುಮಾರು 7,300 ಮೀಟರ್ ಎತ್ತರದ ಮೂರನೇ ಕ್ಯಾಂಪಿನಲ್ಲಿ ಮಲಗಿದ್ದಾಗ ಮಂಜುಗಡ್ಡೆ ಕುಸಿದು ಡೇರೆ ಮೇಲೆ ಬಿತ್ತು. ತಲೆಯ ಹಿಂಭಾಗಕ್ಕೆ ಪೆಟ್ಟು. ಜೊತೆಯಲ್ಲಿದ್ದವರು ಚಾಕುವಿನಿಂದ ಡೇರೆ ಹರಿದು ಹೊರಗೆ ಎಳೆದರು. ಗಾಯ ಆದವರಲ್ಲಿ ತುಂಬಾ ಜನ ಕೆಳಗಿಳಿದರು, ಈಕೆ ಉಳಿದರು. ಮೇ 23ರ ಮಧ್ಯಾಹ್ನ 1 ಗಂಟೆ 7 ನಿಮಿಷಕ್ಕೆ ತುದಿ. ಅಲ್ಲಿ ಇದ್ದದ್ದು 43 ನಿಮಿಷ.

ಆ 43 ನಿಮಿಷ ಎಲ್ಲರಿಗೂ ಗೊತ್ತು. 1994ರ 39 ದಿನ ಎಷ್ಟು ಜನಕ್ಕೆ ಗೊತ್ತು? ಹದಿನೆಂಟು ಹೆಂಗಸರನ್ನ ಕಟ್ಟಿಕೊಂಡು, ಮೂರು ರಾಫ್ಟ್‌ಗಳಲ್ಲಿ ಹರಿದ್ವಾರದಿಂದ ಕಲ್ಕತ್ತಾಕ್ಕೆ ಗಂಗೆಯ ಮೇಲೆ 2,155 ಕಿ.ಮೀ. ಹೋದರು. ಲೆಕ್ಕ ಹಾಕಿ ನೋಡಿ, ದಿನಕ್ಕೆ 55 ಕಿ.ಮೀ. ಶಹಾಪುರದಿಂದ ಯಾದಗಿರಿಗಿಂತ ದೂರ, ಪ್ರತಿದಿನ, ತೋಳಿನ ಬಲದಲ್ಲಿ. ಮೇಲಿನ ಗಂಗೆಯಲ್ಲಿ ರಭಸ ಇರುತ್ತೆ, ನೀರೇ ಒಯ್ಯುತ್ತೆ. ಹರಿದ್ವಾರ ದಾಟಿದರೆ ಬಯಲು. ನೀರು ಹರಡಿಕೊಂಡು ನಿಧಾನ ಆಗುತ್ತೆ, ಮರಳ ದಿಬ್ಬ ಸಿಗುತ್ತೆ, ಎದುರುಗಾಳಿ ಬೀಸಿದರೆ ಹುಟ್ಟು ಹಾಕಿದಷ್ಟೂ ನಿಂತಲ್ಲೇ ನಿಂತ ಹಾಗೆ. ಅಂಥ ಬಯಲ ನದೀಲಿ ಒಂದು ತಿಂಗಳ ಮೇಲೆ ಒಂಬತ್ತು ದಿನ ಒಂದೇ ಮನಸ್ಸಿಂದ ಇರೋದು ಶಿಖರಕ್ಕಿಂತ ಕಷ್ಟ ಅಂತ ನನ್ನ ಅಭಿಪ್ರಾಯ.

1997ರಲ್ಲಿ ಎಂಟು ಹೆಂಗಸರ ತಂಡ ಅರುಣಾಚಲದಿಂದ ಸಿಯಾಚಿನ್‌ವರೆಗೆ ಹಿಮಾಲಯದ ಉದ್ದಕ್ಕೂ 225 ದಿನ ನಡೆಯಿತು, ಮುಂದಾಳು ಇವರೇ. 2018ರಲ್ಲಿ ಮತ್ತೆ ಗಂಗೆಗೆ ಇಳಿದು ಹರಿದ್ವಾರದಿಂದ ಪಾಟ್ನಾವರೆಗೆ, ಈ ಸಲ ದಾರಿಯುದ್ದಕ್ಕೂ ಘಾಟ್ ಸ್ವಚ್ಛ ಮಾಡುತ್ತಾ. 2022ರಲ್ಲಿ, 67ನೇ ವಯಸ್ಸಿಗೆ, ಐವತ್ತು ದಾಟಿದ ಹೆಂಗಸರನ್ನೇ ಸೇರಿಸಿ ಅರುಣಾಚಲದಿಂದ ಕಾರ್ಗಿಲ್ ಕಡೆಗೆ 4,500 ಕಿ.ಮೀ.ಗಿಂತ ಜಾಸ್ತಿ ನಡೆದರು. ಅದರಲ್ಲಿ ನಮ್ಮ ಕರ್ನಾಟಕದ ಹೆಂಗಸರೂ ಇದ್ದರು.

ಹೊಟ್ಟೆಪಾಡು ಕೇಳಿದಿರಿ. 1984ರಲ್ಲೇ ಜಮ್‌ಶೆಡ್‌ಪುರದ ಟಾಟಾ ಸ್ಟೀಲ್ ಸಾಹಸ ಪ್ರತಿಷ್ಠಾನಕ್ಕೆ ಸೇರಿ ದಶಕಗಳ ಕಾಲ ಅದನ್ನ ನಡೆಸಿದರು. ಬೇರೆಯವರಿಗೆ ಕಲಿಸೋದೇ ಅವರ ನೌಕರಿ. ಅದೇ ಊರಿನ ಸೊಸೆ ಪ್ರೇಮಲತಾ ಅಗರ್ವಾಲ್, ಎರಡು ಹೆಣ್ಣುಮಕ್ಕಳ ತಾಯಿ, ದಲ್ಮಾ ಬೆಟ್ಟದ ನಡಿಗೆ ಸ್ಪರ್ಧೆಯಿಂದ ಶುರು ಮಾಡಿ, ಇವರ ಕೈಲಿ ಪಳಗಿ, 2011ರಲ್ಲಿ 48ನೇ ವಯಸ್ಸಿಗೆ ಎವರೆಸ್ಟ್ ಹತ್ತಿದರು. ತಂಗಿ, ನಿಮಗೆ 44 ಅಂದಿರಲ್ಲ, ಅದಕ್ಕೇ ಇದನ್ನ ಬರೆದೆ.

ಬೀದರ್ ಬಿಸಿಲು

ಮೇಷ್ಟ್ರೇ, ಅಷ್ಟು ದೂರ ಯಾಕೆ, ನಮ್ಮ ಪಕ್ಕದ ತೆಲಂಗಾಣ ನೋಡಿ. ನಿಜಾಮಾಬಾದ್ ಜಿಲ್ಲೆಯ ಪಾಕಾಲದ ಮಾಲಾವತ್ ಪೂರ್ಣಾ, ಕೂಲಿ ಮಾಡೋರ ಮಗಳು, ಸರ್ಕಾರಿ ವಸತಿ ಶಾಲೆಯಲ್ಲಿ ಓದ್ತಿದ್ದ ಹುಡುಗಿ. ಮೊದಲು ಹತ್ತಿದ್ದು ಭುವನಗಿರಿ ಕೋಟೆಯ ಬಂಡೆ. 2014ರ ಮೇ 25ಕ್ಕೆ ಎವರೆಸ್ಟ್, ಆಗ 13 ವರ್ಷ 11 ತಿಂಗಳು. ಅವಳೂ ನಮ್ಮ ಹಾಗೆ ಬಿಸಿಲ ಸೀಮೆಯವಳೇ.

ಆದರೆ ಅಕ್ಕಾ, ಒಂದು ಕಿವಿಮಾತು. ಮಗಳ ತಲೆಗೆ ಎವರೆಸ್ಟ್ ತುಂಬಬೇಡಿ. ನೇಪಾಳದ ಕಡೆಯಿಂದ ಹತ್ತೋಕೆ ಪರವಾನಗಿಗೇ ಈಗ 15,000 ಡಾಲರ್, ಒಟ್ಟು ಖರ್ಚು ಹತ್ತಾರು ಲಕ್ಷ. ಹೊಲ ಅಡ ಇಟ್ಟು ಹೋಗೋ ವಿಷಯ ಅಲ್ಲ ಅದು. ಬೇಸಿಕ್ ಆಗಲಿ, ಎ ಗ್ರೇಡ್ ಬಂದರೆ ಅಡ್ವಾನ್ಸ್. ಬೆಂಗಳೂರಿನ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯಲ್ಲೂ ವಿಚಾರಿಸಿ. ಬಾದಾಮಿ ಬಂಡೆ ಇದೆ, ದಾಂಡೇಲೀಲಿ ಕಾಳಿ ನದಿ ಇದೆ. ಕಲಿತವಳಿಗೆ ಕಲಿಸೋ ಕೆಲಸ ನಮ್ಮ ರಾಜ್ಯದಲ್ಲೇ ಸಿಗುತ್ತೆ.

ಭೀಮೆ ದಂಡೆಯವ

ನಾವು ನದಿ ದಂಡೆಯವರು, ಹರಿಗೋಲು ನಡೆಸಿದ ಮನೆತನ. ಬೆಟ್ಟದ ಬಗ್ಗೆ ನನಗೆ ಗೊತ್ತಿಲ್ಲ, ನೀರಿನ ಬಗ್ಗೆ ಒಂದೆರಡು ಮಾತು. ನಮ್ಮಜ್ಜಿ ಹುಟ್ಟು ಹಿಡೀತಿದ್ದಳು. ದುಂಡನೆಯ ಹರಿಗೋಲಿಗೆ ಮುಂದೆ ಹಿಂದೆ ಇಲ್ಲ, ಬಲ ಹಾಕಿದರೆ ಬುಗುರಿ ಹಾಗೆ ತಿರುಗುತ್ತೆ. ಹುಟ್ಟನ್ನ ಮುಂದುಗಡೆ ಇಳಿಸಿ, ನೀರನ್ನ ನಿಮ್ಮ ಕಡೆಗೆ ಎಳೆದುಕೊಂಡರೆ ಮಾತ್ರ ಸಾಗುತ್ತೆ. ಅಜ್ಜಿ ನೀರಿನ ಮೈ ನೋಡಿಯೇ ಹೇಳ್ತಿದ್ದಳು, ಇಲ್ಲಿ ಕೆಳಗೆ ಬಂಡೆ, ಇಲ್ಲಿ ಸುಳಿ ಅಂತ.

ಅಕ್ಕಾ, ಮಗಳು ನದಿಗೂ ಇಳಿಯೋಳಾದರೆ ಒಂದು ಮಾತು ಕಡ್ಡಾಯ. ಭೀಮೆಯಲ್ಲಿ ಮರಳು ತೆಗೆದ ಗುಂಡಿಗಳಿವೆ, ಮೊಣಕಾಲುದ್ದ ನೀರು ಒಂದು ಹೆಜ್ಜೆಗೆ ಆಳ ಆಗುತ್ತೆ. ಈಜು ಎಷ್ಟೇ ಬರಲಿ, ಲೈಫ್ ಜಾಕೆಟ್ ಇಲ್ಲದೆ, ದಂಡೇಲಿ ಹಗ್ಗ ಹಿಡಿದವರು ಇಲ್ಲದೆ ಇಳಿಯಬಾರದು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಊರೂರೇ ನೀರಲ್ಲಿ ನಿಂತಿತ್ತು. ನಮ್ಮ ಓಣೀಲಿ ಬೋಟ್ ಬರೋವರೆಗೂ ಹೆಂಗಸರು ಮಕ್ಕಳು ಮಾಳಿಗೆ ಮೇಲೆ ರಾತ್ರಿ ಕಳೆದರು. ಹಗ್ಗ, ಗಂಟು, ಬೋಟು ಗೊತ್ತಿರೋ ಒಬ್ಬ ಹುಡುಗಿ ಓಣೀಲಿ ಇದ್ದಿದ್ದರೆ ಅಂತ ನಾನು ಇವತ್ತಿಗೂ ಅಂದುಕೊಳ್ತೀನಿ. ಕಳಿಸಿ ಅಕ್ಕಾ.

ಶಹಾಪುರದ ತಾಯಿ

ಎಲ್ಲರ ಮಾತನ್ನೂ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಹಿಮ ಕುಸಿದ ವಿಷಯವನ್ನೂ ಮುಚ್ಚಿಡಲಿಲ್ಲ. ಮೇಷ್ಟ್ರು ಬರೆದ ಗಂಗೆಯ 39 ದಿನದ ಮಾತು ಬಂದಾಗ ಮಗಳು ನನ್ನ ಕೈ ಹಿಡಿದುಕೊಂಡಳು.

ನಿನ್ನೆ ರಕ್ತ ಪರೀಕ್ಷೆ ಆಯ್ತು. 10.2 ಬಂದಿದೆ. ಮಾತ್ರೆ ಶುರು, ಊಟದ ಹೊತ್ತಿನ ಚಹಾ ಬಂದ್. ಹಾಗಾಗಿ ಈ ಬ್ಯಾಚ್ ಬೇಡ, ಮುಂದಿನದಕ್ಕೆ ಹಾಕೋಣ ಅಂತ ಅವಳೇ ಒಪ್ಪಿದಳು. ಇವತ್ತು ಬೆಳಗ್ಗೆ ಐದೂವರೆಗೆ ಇಬ್ಬರೂ ನಮ್ಮೂರ ಬುದ್ಧ ಮಲಗಿದ ಬೆಟ್ಟದ ಕಡೆ ಹೋದೆವು. ಅವಳ ಬ್ಯಾಗಲ್ಲಿ ಎಂಟು ಕಿಲೋ ಜೋಳ, ನಾನು ಬರಿಗೈ. ಅರ್ಧಕ್ಕೇ ನನ್ನ ಉಸಿರು ಕಟ್ಟಿತು, ಅವಳು ನಿಂತು ಕಾದಳು. ಮನೆಯವರು ಇನ್ನೂ ಹೂಂ ಅಂದಿಲ್ಲ. ರಾತ್ರಿ ಫೀಸ್ ಎಷ್ಟು ಅಂತ ಮಾತ್ರ ಕೇಳಿದರು.

ಕಲಬುರಗಿ ತಂಗಿ, ಹಿಮದ ಬೂಟು ನಾವೇ ಕೊಳ್ಳಬೇಕಾ? ಇಲ್ಲೆಲ್ಲಾ ಸಿಗುತ್ತಾ?

ಕಲಬುರಗಿ ನಡಿಗೆ

ಬೇಡ ಅಕ್ಕಾ, ಹಿಮದ ಬೂಟು, ಬೂಟಿನ ಅಡಿಗೆ ಕಟ್ಟೋ ಕಬ್ಬಿಣದ ಮುಳ್ಳು (ಕ್ರ್ಯಾಂಪಾನ್), ಹಗ್ಗ ಎಲ್ಲ ಅಲ್ಲೇ ಕೊಡ್ತಾರೆ. ಒಂದು ಜೊತೆ ಒಳ್ಳೇ ಚಾರಣದ ಶೂ ಮಾತ್ರ ಕೊಡಿಸಿ. ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಲಿ, ಇಳಿಜಾರಲ್ಲಿ ಹೆಬ್ಬೆರಳು ಮುಂದೆ ತಾಗಬಾರದು. ಹೊಸ ಶೂ ಹಾಗೇ ಒಯ್ದರೆ ಎರಡನೇ ದಿನಕ್ಕೆ ಹಿಮ್ಮಡಿ ಸುಲಿಯುತ್ತೆ. ಒಂದು ತಿಂಗಳು ಮುಂಚೆ ಕೊಂಡು ನಿಮ್ಮ ಬೆಟ್ಟದ ಮೇಲೇ ಪಳಗಿಸಲಿ. ನಿಮಗೂ ಒಂದು ಜೊತೆ ತಗೊಳ್ಳಿ.