ಚೈನ್ ಸಾ ಹಲ್ಲಿಗೆ ಅರ ಹಾಕಿದ ಮೇಲೆ ಸೊಟ್ಟ ಕೊಯ್ಯುತ್ತಿದೆ, ಯಾಕೆ?

ಫೋಂಡಾ_ತೋಟ: ಮಳೆಗೆ ಬಿದ್ದ ಗೇರುಮರ ಕತ್ತರಿಸುವಾಗ ಚೈನು ಕೆಳಗಿನ ಚಿರೆಕಲ್ಲಿಗೆ ತಾಗಿತು. ಮನೆಯಲ್ಲೇ ರೌಂಡ್ ಫೈಲ್ (ದುಂಡು ಅರ) ಹಾಕಿದೆ. ಈಗ ಬರೀ ಪುಡಿ ಬೀಳುತ್ತೆ, ಮೇಲಾಗಿ ಬ್ಲೇಡು ಬಲಕ್ಕೆ ವಾಲುತ್ತೆ. ಚೈನ್ 3/8 ಇಂಚಿನ ಲೋ ಪ್ರೊಫೈಲ್, ಅಂದ್ರೆ ಎತ್ತರ ಕಡಿಮೆ ಇರೋ ಬಗೆ. ಹೊಸದೇ ತರಬೇಕಾ?

ಮಡಗಾಂವ್_ಮಾವ: ಬೇಡ ಮಾರಾಯ್ರೇ! ವಾಲುತ್ತೆ ಅಂದ್ರೆ ಒಂದು ಬದಿಯ ಹಲ್ಲು ಗಿಡ್ಡ ಆಗಿದೆ, ಇಲ್ಲಾ ಮೊಂಡಾಗಿದೆ. ಬಲಗೈಯವರಿಗೆ ಒಂದು ಬದಿ ಚೆನ್ನಾಗಿ ಬರುತ್ತೆ, ಇನ್ನೊಂದು ಬದಿ ಸುಮ್ನೆ ಸವರಿದ ಹಾಗೆ. ಅತಿ ಗಿಡ್ಡ ಹಲ್ಲನ್ನು ಹುಡುಕಿ, ಉಳಿದವನ್ನೆಲ್ಲ ಅದರ ಉದ್ದಕ್ಕೆ ತನ್ನಿ. 4 ಮಿ.ಮೀ. ಫೈಲು, 30 ಡಿಗ್ರಿ ಓರೆಯಲ್ಲಿ ಹಿಡಿದು, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು, ವಾಪಸ್ ಎಳೆಯುವಾಗ ಎತ್ತಿಬಿಡಿ. ಕಲ್ಲಿಗೆ ತಾಗಿದ ಹಲ್ಲಿನ ತುದಿ ಹೊಳೆಯುತ್ತಿರುತ್ತೆ, ಆ ಹೊಳಪು ಪೂರ್ತಿ ಹೋಗುವವರೆಗೂ ಬಿಡಬೇಡಿ.

ಪಣಜಿ_ಪುಟ್ಟ: ಹಲ್ಲಿನ ಮುಂದಿರುವ ಗುಬುಟು (ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತಡೆಯೋ ಉಬ್ಬು) ನೋಡಿದ್ರಾ? ಹಲ್ಲು ಸವೆದಂತೆ ಅದು ಎತ್ತರ ಉಳಿಯುತ್ತೆ, ಆಗ ಎಷ್ಟು ಚೂಪಿದ್ರೂ ಕಚ್ಚಲ್ಲ. ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಚಪ್ಪಟೆ ಫೈಲಿನಲ್ಲಿ ಇಳಿಸಿ, ಆದ್ರೆ ಜಾಸ್ತಿ ಇಳಿಸಿದ್ರೆ ಮಷಿನ್ ಹಿಂದಕ್ಕೆ ಒದೆಯುತ್ತೆ, ನನಗೆ ಒಮ್ಮೆ ಜೀವ ಬಾಯಿಗೆ ಬಂದಿತ್ತು.

ಫೋಂಡಾ_ತೋಟ: ಎಡಬದಿಯ ಹಲ್ಲುಗಳೇ ಗಿಡ್ಡ! ಎರಡು ಗಂಟೆ ಹಿಡಿಯಿತು, ಈಗ ಪುಡಿ ಅಲ್ಲ, ಚಕ್ಕೆ ಬೀಳ್ತಿದೆ. ಚೈನ್ ಟೈಟ್ ಎಷ್ಟಿರಬೇಕು?

ಮಡಗಾಂವ್_ಮಾವ: ಕೆಳಗೆ ಜೋತು ಬೀಳಬಾರದು, ಗ್ಲೌಸ್ ಹಾಕಿ ಎಳೆದ್ರೆ ಕೈಯಲ್ಲೇ ಸಲೀಸಾಗಿ ತಿರುಗಬೇಕು. ಎಂಜಿನ್ ಆಫ್ ಮಾಡಿ ನೋಡಿ, ಅಲ್ವಾ!