ಪದಚರ್ಚೆ: ಪಿಸ್ತೂಲಿನ ಸೈಟು ಹೊಂದಿಸುವ ವಿವರಣೆಯಲ್ಲಿ ‘ಗುರಿ’, ‘ಮೇಲೆ’, ‘ಬಲಕ್ಕೆ’

ಮಾನ್ಯರೇ,

ರಿಮ್‌ಫೈರ್ ಪಿಸ್ತೂಲಿನಿಂದ ಗುರಿ ಹೊಡೆಯುವ ಅಭ್ಯಾಸವನ್ನು ಹೊಸದಾಗಿ ಆರಂಭಿಸುವವರಿಗಾಗಿ ಕನ್ನಡದಲ್ಲಿ ಒಂದು ಕಿರು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಪಿಸ್ತೂಲಿನ ಭಾಗಗಳ ಹೆಸರುಗಳು ನನಗೆ ಹೆಚ್ಚಿನ ತೊಡಕು ಕೊಟ್ಟಿಲ್ಲ. ನಳಿಗೆ, ಹಿಡಿ, ತೋಟೆ, ಗುಂಡು, ತಿರುಪು ಇವೆಲ್ಲ ಬಳಕೆಯಲ್ಲಿರುವ ಮಾತುಗಳೇ. ಟ್ರಿಗರ್, ಮ್ಯಾಗಜಿನ್ (ತೋಟೆಗಳನ್ನು ತುಂಬಿಡುವ ಡಬ್ಬಿ), ಚೇಂಬರ್ (ಹಾರಿಸುವ ಮುನ್ನ ತೋಟೆ ಕೂರುವ ಜಾಗ) ಎಂಬವನ್ನು ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ. ರಿಮ್‌ಫೈರ್ ಎಂಬುದನ್ನೂ ಅನುವಾದಿಸಲು ಹೋಗದೆ, ಸಿಡಿಮದ್ದು ತೋಟೆಯ ತಳದ ಅಂಚಿನೊಳಗೇ ಇರುವುದರಿಂದ, ಹೊಡೆಯುವ ಪಿನ್ನು ಆ ಅಂಚನ್ನು ಜಜ್ಜಿದಾಗ ಗುಂಡು ಹಾರುತ್ತದೆ ಎಂದು ಒಂದು ವಾಕ್ಯದಲ್ಲಿ ವಿವರಿಸಿ ಮುಂದೆ ಸಾಗಿದ್ದೇನೆ. ತೊಡಕು ಬಂದಿರುವುದು ನಾವು ದಿನವೂ ಆಡುವ, ಯಾರೂ ನಿಘಂಟು ತೆರೆದು ನೋಡದ ಕೆಲವು ಮಾತುಗಳಲ್ಲಿ. ಅವುಗಳ ಬಗ್ಗೆ ಬಲ್ಲವರ ಅಭಿಪ್ರಾಯ ಕೇಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ‘ಗುರಿ’. ಕನ್ನಡದಲ್ಲಿ ಗುರಿ ಎಂದರೆ ಹೊಡೆಯಬೇಕಾದ ವಸ್ತುವೂ ಹೌದು, ಆ ವಸ್ತುವಿನತ್ತ ಆಯುಧವನ್ನು ಹಿಡಿಯುವ ಕ್ರಿಯೆಯೂ ಹೌದು, ಹೊಡೆಯುವವರ ನೈಪುಣ್ಯವೂ ಹೌದು. ‘ಗುರಿಗೆ ತಾಗಿತು’, ‘ಗುರಿಯಿಟ್ಟಳು’, ‘ಅವಳ ಗುರಿ ಚೆನ್ನಾಗಿದೆ’ ಎಂಬ ಮೂರು ವಾಕ್ಯಗಳಲ್ಲಿ ಪದ ಒಂದೇ, ಅರ್ಥ ಮೂರು. ಸಾಮಾನ್ಯ ಬರವಣಿಗೆಯಲ್ಲಿ ಇದರಿಂದ ತೊಂದರೆಯಿಲ್ಲ, ಏಕೆಂದರೆ ಗುರಿಯಿಟ್ಟ ಜಾಗಕ್ಕೇ ಏಟು ಬೀಳಬೇಕು ಎಂಬ ತಿಳಿವಳಿಕೆ ಓದುವವರಲ್ಲಿ ಮೊದಲೇ ಇರುತ್ತದೆ. ಪಿಸ್ತೂಲಿನ ಅಭ್ಯಾಸದಲ್ಲಿ ಆ ತಿಳಿವಳಿಕೆಯೇ ಅನೇಕ ವೇಳೆ ತಪ್ಪಾಗುತ್ತದೆ.

25 ಮೀಟರ್ ಸ್ಪರ್ಧೆಯ ನಿಧಾನಗತಿಯ ಹಂತದಲ್ಲಿ ಬಳಸುವ ಅಂತರರಾಷ್ಟ್ರೀಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿಲಿಮೀಟರ್. ಏಳರಿಂದ ಹತ್ತರವರೆಗಿನ ವೃತ್ತಗಳು ಸೇರಿ ಆಗುವ ಕಪ್ಪು ಭಾಗದ ವ್ಯಾಸ 200 ಮಿಲಿಮೀಟರ್. ಸೈಟಿನ, ಅಂದರೆ ಗುರಿ ನೋಡಲು ಪಿಸ್ತೂಲಿನ ಮೇಲಿರುವ ಸಾಧನದ, ಮುಂದಿನ ಭಾಗವಾದ ಕಪ್ಪು ಗೂಟವನ್ನು ಈ ಕಪ್ಪಿನ ನಡುವೆ ಹಿಡಿದರೆ ಗೂಟದ ಅಂಚು ಕಣ್ಣಿಗೆ ಸ್ಪಷ್ಟವಾಗಿ ಸಿಗುವುದಿಲ್ಲ. ಆದ್ದರಿಂದ ಹಲವರು ಕಪ್ಪು ವೃತ್ತದ ಅಡಿಯಂಚಿಗೆ, ಅಂದರೆ ಗಡಿಯಾರದ ಆರು ಗಂಟೆಯ ಸ್ಥಾನಕ್ಕೆ, ನಡುವೆ ತೆಳುವಾದ ಒಂದು ಬಿಳಿ ಗೆರೆ ಉಳಿಯುವಂತೆ ಗೂಟದ ತಲೆಯನ್ನು ತಂದು ನಿಲ್ಲಿಸುತ್ತಾರೆ. ಇನ್ನು ಕೆಲವರು ಅದಕ್ಕಿಂತಲೂ ಕೆಳಗಿನ ಬಿಳಿಯಲ್ಲಿ ನಿಲ್ಲಿಸುತ್ತಾರೆ. ಗುಂಡು ಮಾತ್ರ ನಡುವಿನ ಹತ್ತಕ್ಕೇ ಹೋಗಬೇಕು. ಹಾಗಾಗಿ ಅಡಿಯಂಚಿಗೆ ಹಿಡಿಯುವವರ ಸೈಟನ್ನು, ಗುಂಡು ಹಿಡಿದ ಜಾಗಕ್ಕಿಂತ ಸುಮಾರು 100 ಮಿಲಿಮೀಟರ್ ಎತ್ತರದಲ್ಲಿ ತಾಗುವಂತೆ ಹೊಂದಿಸಿರಬೇಕಾಗುತ್ತದೆ. ಇಂತಹ ಕಡೆ ‘ಗುರಿಯಿಟ್ಟಲ್ಲಿಗೆ ಗುಂಡು ಹೋಗುವಂತೆ ಮಾಡಿ’ ಎಂದು ಬರೆದರೆ, ಅದನ್ನು ಅಕ್ಷರಶಃ ಪಾಲಿಸಿದ ಕಲಿಯುವವರು ಚೆನ್ನಾಗಿರುವ ಸೈಟನ್ನು ಕೆಡಿಸಿಕೊಳ್ಳುತ್ತಾರೆ.

ಇದಕ್ಕಾಗಿ ನಾನು ಮೂರು ಮಾತುಗಳನ್ನು ಬೇರ್ಪಡಿಸಿಕೊಂಡಿದ್ದೇನೆ. ಎದುರಿನ ಕಾಗದ ಅಥವಾ ಹಲಗೆಗೆ ‘ಗುರಿಹಲಗೆ’, ಸೈಟನ್ನು ತಂದು ನಿಲ್ಲಿಸುವ ಜಾಗಕ್ಕೆ ‘ಹಿಡಿಬಿಂದು’, ಗುಂಡು ತಾಗುವ ಜಾಗಕ್ಕೆ ‘ತಾಗುಬಿಂದು’. ‘ಗುರಿಬಿಂದು’ ಎಂಬುದನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ, ಏಕೆಂದರೆ ಅದನ್ನು ಓದಿದವರಲ್ಲಿ ಅರ್ಧ ಜನ ಹತ್ತರ ವೃತ್ತದ ನಡುವನ್ನು ನೆನೆಯುತ್ತಾರೆ. ಆದರೆ ‘ಹಿಡಿಬಿಂದು’ವಿನ ‘ಹಿಡಿ’ ಪಿಸ್ತೂಲಿನ ಹಿಡಿಯನ್ನು ನೆನಪಿಸುವುದೂ ಸುಳ್ಳಲ್ಲ. ಇದಕ್ಕಿಂತ ಒಳ್ಳೆಯ ಮಾತು ಯಾರಿಗಾದರೂ ತೋಚಿದರೆ ದಯವಿಟ್ಟು ತಿಳಿಸಬೇಕು.

‘ಸೈಟು’ ಎಂಬುದರ ಬಗ್ಗೆಯೂ ಒಂದು ಮಾತು. ಶೂಟಿಂಗ್ ಕಲಿತವರು ‘ಮುಂದಿನ ಸೈಟು’, ‘ಹಿಂದಿನ ಸೈಟು’ ಎಂದೇ ಹೇಳುತ್ತಾರೆ, ಪರಸ್ಪರ ಅರ್ಥವಾಗುತ್ತದೆ. ಹೊರಗಿನ ಓದುಗರಿಗೆ ಸೈಟು ಎಂದರೆ ಮನೆ ಕಟ್ಟುವ ನಿವೇಶನ, ಇಲ್ಲವೇ ಜಾಲತಾಣ. ಹಾಗಾಗಿ ಆ ಪದವನ್ನು ಇಟ್ಟುಕೊಂಡೇ, ಅದರ ಎರಡು ಭಾಗಗಳಿಗೆ ಕಣ್ಣಿಗೆ ಕಾಣುವ ಆಕಾರದ ಹೆಸರು ಕೊಟ್ಟಿದ್ದೇನೆ: ಹಿಂದಿನದಕ್ಕೆ ‘ಕಚ್ಚು’, ಮುಂದಿನದಕ್ಕೆ ‘ಗೂಟ’. ಕಚ್ಚು ಎಂಬುದು ಮರದಲ್ಲೋ ಲೋಹದಲ್ಲೋ ಕೊರೆದ ಚಿಕ್ಕ ಸಂದಿಗೆ ನಾವು ಹೇಳುವ ಮಾತೇ ಆದ್ದರಿಂದ ಅದರಲ್ಲಿ ನನಗೆ ಅನುಮಾನವಿಲ್ಲ. ಮುಂದಿನದಕ್ಕೆ ‘ಮೊನೆ’ ಎಂದು ಸೂಚಿಸಿದವರಿದ್ದಾರೆ. ಮೊನೆ ಎಂದರೆ ಚೂಪು. ಸ್ಪರ್ಧೆಯ ಪಿಸ್ತೂಲಿನಲ್ಲಿ ಆ ಭಾಗದ ತಲೆ ಚಪ್ಪಟೆಯಾಗಿರುತ್ತದೆ, ಮತ್ತು ಆ ಚಪ್ಪಟೆತನವೇ ಮುಖ್ಯ. ಗೂಟದ ತಲೆಯೂ ಕಚ್ಚಿನ ಎರಡು ಭುಜಗಳೂ ಒಂದೇ ಗೆರೆಯಲ್ಲಿರಬೇಕು, ಗೂಟದ ಎಡಕ್ಕೂ ಬಲಕ್ಕೂ ಕಾಣುವ ಬೆಳಕಿನ ಸಂದಿಗಳು ಸಮವಾಗಿರಬೇಕು, ಕಣ್ಣು ಗೂಟದ ಮೇಲಂಚಿನಲ್ಲಿ ನೆಟ್ಟು, ಕಚ್ಚು ತುಸು ಮಸುಕಾಗಿಯೂ ಗುರಿಹಲಗೆ ಇನ್ನಷ್ಟು ಮಸುಕಾಗಿಯೂ ಕಾಣಬೇಕು. ಚೂಪಾದ ಮೊನೆಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಈ ಚಿತ್ರ ಮೂಡುವುದೇ ಇಲ್ಲ.

ಈ ಚಿತ್ರದಲ್ಲಿ ಎರಡು ಬಗೆಯ ತಪ್ಪುಗಳಿವೆ. ಎರಡನ್ನೂ ನಾವು ‘ಗುರಿ ಅಲುಗಿತು’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಕಚ್ಚು ಮತ್ತು ಗೂಟಗಳ ಹೊಂದಿಕೆ ಕೆಡದೆ ಕೈಯೆಲ್ಲ ಒಟ್ಟಿಗೆ 5 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಅಷ್ಟೇ ಸರಿಯುತ್ತದೆ. ಆದರೆ ಕಚ್ಚಿಗೂ ಗೂಟಕ್ಕೂ ನಡುವಿನ ಅಂತರ 200 ಮಿಲಿಮೀಟರ್ ಇರುವ ಪಿಸ್ತೂಲಿನಲ್ಲಿ ಗೂಟವು ಕಚ್ಚಿನೊಳಗೆ ಕೇವಲ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೂ 25 ಮೀಟರ್ ದೂರದಲ್ಲಿ ಅದು 125 ಪಟ್ಟು ಹಿಗ್ಗಿ 62 ಮಿಲಿಮೀಟರಿಗೂ ಹೆಚ್ಚಾಗುತ್ತದೆ. ಮೊದಲನೆಯದನ್ನು ‘ತೂಗಾಟ’ ಎಂದೂ ಎರಡನೆಯದನ್ನು ‘ಸೈಟಿನ ಓರೆ’ ಎಂದೂ ಕರೆದಿದ್ದೇನೆ. ಕೈಯ ತೂಗಾಟವನ್ನು ಒಂದು ಮಿತಿಯೊಳಗೆ ಒಪ್ಪಿಕೊಳ್ಳಬೇಕು, ಓರೆಯನ್ನು ಒಪ್ಪಿಕೊಳ್ಳಬಾರದು ಎಂಬ ಪಾಠವನ್ನು ಒಂದೇ ಪದದಲ್ಲಿ ಹೇಳಲಾಗುವುದಿಲ್ಲ. ಈ ಎರಡು ಹೆಸರುಗಳ ಮಟ್ಟಿಗೆ ನನಗೆ ಸಾಕಷ್ಟು ಸಮಾಧಾನವಿದೆ.

ಈಗ ನನ್ನನ್ನು ಹೆಚ್ಚು ಕಾಡುತ್ತಿರುವ ‘ಮೇಲೆ’ ಮತ್ತು ‘ಬಲಕ್ಕೆ’. ‘ಗುಂಡುಗಳು ಕಪ್ಪು ವೃತ್ತದ ಮೇಲೆ ಬಿದ್ದಿವೆ’ ಎಂಬ ವಾಕ್ಯವನ್ನು ಗಮನಿಸಿ. ಗುಂಡುಗಳು ಕಪ್ಪಿನೊಳಗೇ ಇವೆ ಎಂದೂ ಇದರ ಅರ್ಥ, ಕಪ್ಪನ್ನು ದಾಟಿ ಅದರ ನೆತ್ತಿಯ ಕಡೆಗಿನ ಬಿಳಿಯಲ್ಲಿವೆ ಎಂದೂ ಅರ್ಥ. ಒಂದರಲ್ಲಿ ಸೈಟನ್ನು ಮುಟ್ಟಬೇಕಾಗಿಯೇ ಇಲ್ಲ, ಇನ್ನೊಂದರಲ್ಲಿ ಕಚ್ಚನ್ನು ಇಳಿಸಲೇಬೇಕು. ಹಾಗೆಯೇ ‘ವೃತ್ತದ ಕೆಳಗೆ ಹಿಡಿಯಿರಿ’ ಎಂದರೆ ವೃತ್ತದೊಳಗಿನ ಕೆಳಭಾಗಕ್ಕೋ ವೃತ್ತದ ಹೊರಗೆ ಕೆಳಗಿನ ಬಿಳಿಗೋ ತಿಳಿಯದು. ನಾನು ಈ ಎರಡೂ ಪದಗಳನ್ನು ಸ್ಥಾನ ಹೇಳುವ ಕಡೆಯಿಂದ ಪೂರ್ತಿ ತೆಗೆದುಹಾಕಿ, ‘ನೆತ್ತಿಯ ಕಡೆ’, ‘ಅಡಿಯ ಕಡೆ’ ಎಂದು ಬರೆಯುತ್ತಿದ್ದೇನೆ. ಒಳಗೆ ಎನ್ನಬೇಕಾದಾಗ ‘ಕಪ್ಪಿನೊಳಗೆ’ ಎಂದೇ ಬರೆಯುತ್ತೇನೆ. ಓದಿಗೆ ತುಸು ಒರಟಾಗಿ ಕೇಳಿಸಬಹುದು, ಆದರೆ ಕೈಪಿಡಿಯಲ್ಲಿ ನಯಕ್ಕಿಂತ ಖಚಿತತೆ ದೊಡ್ಡದು ಎಂಬುದು ನನ್ನ ಎಣಿಕೆ.

‘ಬಲಕ್ಕೆ’ ಎಂಬುದರ ಕಷ್ಟ ಬೇರೆ ಬಗೆಯದು. ಹಿಂದಿನ ಕಚ್ಚನ್ನು ಯಾವ ಕಡೆಗೆ ಸರಿಸುತ್ತೇವೆಯೋ ಗುಂಡು ಆ ಕಡೆಗೇ ಸರಿಯುತ್ತದೆ, ಏಕೆಂದರೆ ಗೂಟವನ್ನು ಮತ್ತೆ ಕಚ್ಚಿನ ನಡುವಿಗೆ ತರಲು ನಳಿಗೆಯ ಬಾಯನ್ನು ಅತ್ತ ತಿರುಗಿಸಬೇಕಾಗುತ್ತದೆ. ಗೂಟವನ್ನೇ ಸರಿಸುವ ಪಿಸ್ತೂಲಿನಲ್ಲಿ ಗುಂಡು ಎದುರು ದಿಕ್ಕಿಗೆ ಹೋಗುತ್ತದೆ. ಇಷ್ಟು ಸರಳ. ಗೊಂದಲವಿರುವುದು ತಿರುಪಿನ ಮೇಲೆ ಕೊರೆದ ಅಕ್ಷರಗಳಲ್ಲಿ. ಜರ್ಮನ್ ಸಂಪ್ರದಾಯದ ಅನೇಕ ಸ್ಪರ್ಧಾ ಪಿಸ್ತೂಲುಗಳಲ್ಲಿ ಎಚ್, ಟಿ, ಆರ್, ಎಲ್ ಎಂಬ ಅಕ್ಷರಗಳಿರುತ್ತವೆ. ಅವು ಆ ಭಾಷೆಯ ಎತ್ತರ, ತಗ್ಗು, ಬಲ, ಎಡ ಎಂಬ ಪದಗಳ ಮೊದಲಕ್ಷರಗಳು. ಅಲ್ಲಿ ಆರ್ ಕಡೆಗೆ ತಿರುಗಿಸುವುದು, ಗುಂಡುಗಳು ಬಲದಲ್ಲಿ ಬಿದ್ದಿದ್ದರೆ. ಅಂದರೆ ಅಕ್ಷರ ಹೇಳುವುದು ತಪ್ಪಿನ ಸ್ಥಾನವನ್ನು. ಬೇರೆ ಅನೇಕ ಪಿಸ್ತೂಲುಗಳಲ್ಲಿ ಅದೇ ಆರ್ ಅಕ್ಷರದ ಜೊತೆಗೆ ಬಾಣದ ಗುರುತಿದ್ದು, ಆ ಕಡೆ ತಿರುಗಿಸಿದರೆ ಗುಂಡು ಬಲಕ್ಕೆ ಹೋಗುತ್ತದೆ. ಅಂದರೆ ಅಕ್ಷರ ಹೇಳುವುದು ತಿದ್ದುವ ದಿಕ್ಕನ್ನು. ಒಂದೇ ಅಕ್ಷರಕ್ಕೆ ನೇರ ವಿರುದ್ಧವಾದ ಎರಡು ಫಲಗಳು.

ಕನ್ನಡದಲ್ಲಿ ಇದನ್ನು ವಿವರಿಸಲು ಹೊರಟಾಗ ನಮ್ಮ ‘ಕ್ಕೆ’ ಪ್ರತ್ಯಯ ಅದೇ ಗೊಂದಲವನ್ನು ಮತ್ತೆ ತರುತ್ತದೆ. ‘ಗುಂಡು ಬಲಕ್ಕಿದೆ’ ಎನ್ನುವಾಗ ಅದು ಸ್ಥಾನ, ‘ಬಲಕ್ಕೆ ಸರಿಸಿ’ ಎನ್ನುವಾಗ ಅದು ದಿಕ್ಕು. ‘ಬಲಕ್ಕೆ ಹೋದರೆ ಬಲಕ್ಕೆ ತಿರುಗಿಸಿ’ ಎಂಬ ಒಂದು ವಾಕ್ಯದಲ್ಲಿ ಎರಡು ‘ಬಲಕ್ಕೆ’ಗಳಿಗೂ ಬೇರೆ ಬೇರೆ ಅರ್ಥವಿದ್ದು, ಎರಡನೆಯದು ತಿರುಪಿನ ಮೇಲಿನ ಅಕ್ಷರವೋ ಗಡಿಯಾರದ ಮುಳ್ಳಿನ ಚಲನೆಯೋ ಗುಂಡಿನ ದಾರಿಯೋ ಎಂಬುದು ಓದುವವರ ಊಹೆಗೆ ಬಿಟ್ಟದ್ದಾಗುತ್ತದೆ. ಆದ್ದರಿಂದ ನಾನು ಒಂದು ನಿಯಮ ಹಾಕಿಕೊಂಡಿದ್ದೇನೆ: ಸ್ಥಾನಕ್ಕೆ ಯಾವಾಗಲೂ ‘ಬಲದಲ್ಲಿ’, ಚಲನೆಗೆ ಮಾತ್ರ ‘ಬಲಕ್ಕೆ’, ತಪ್ಪನ್ನು ಹೇಳುವಾಗ ‘ಬಿದ್ದಿದ್ದರೆ’ ಎಂಬ ರೂಪ, ತಿದ್ದುವುದನ್ನು ಹೇಳುವಾಗ ‘ತರಲು’ ಎಂಬ ರೂಪ. ‘ಗುಂಡುಗಳು ಬಲದಲ್ಲಿ ಬಿದ್ದಿದ್ದರೆ ತಿರುಪನ್ನು ಆರ್ ಗುರುತಿನ ಕಡೆ ತಿರುಗಿಸಿ’ ಎಂಬುದು ಮೊದಲ ಬಗೆಯ ಪಿಸ್ತೂಲಿಗೆ. ‘ಗುಂಡುಗಳನ್ನು ಬಲಕ್ಕೆ ತರಲು ತಿರುಪನ್ನು ಆರ್ ಗುರುತಿನ ಕಡೆ ತಿರುಗಿಸಿ’ ಎಂಬುದು ಎರಡನೆಯದಕ್ಕೆ. ಕನ್ನಡದ ಕ್ರಿಯಾರೂಪಗಳು ಈ ಭೇದವನ್ನು ಎಷ್ಟು ಅಚ್ಚುಕಟ್ಟಾಗಿ ಹೊರುತ್ತವೆ ಎಂಬುದು ಬರೆಯುತ್ತ ಹೋದಂತೆ ನನಗೆ ಸಂತೋಷ ಕೊಟ್ಟ ವಿಷಯ. ಆದರೂ ಆಡುಮಾತಿನಲ್ಲಿ ‘ಬಲಕ್ಕಿದೆ’ ಎಂಬುದು ಎಷ್ಟು ಸಹಜವೆಂದರೆ, ‘ಬಲದಲ್ಲಿ’ ಎಂದು ಪಟ್ಟು ಹಿಡಿಯುವುದು ಕೃತಕವಾಗಿ ಕಾಣುತ್ತದೆಯೇ ಎಂಬ ಸಂದೇಹ ಉಳಿದಿದೆ. ವ್ಯಾಕರಣ ಬಲ್ಲವರು ಹೇಳಬೇಕು.

ಇನ್ನು ಸಣ್ಣ ಪುಟ್ಟವು. ಸೈಟನ್ನು ‘ಸರಿಪಡಿಸುವುದು’ ಎಂದರೆ ಕೆಟ್ಟುಹೋದದ್ದನ್ನು ದುರಸ್ತಿ ಮಾಡಿದಂತೆ ಕೇಳಿಸುವುದರಿಂದ ‘ಹೊಂದಿಸುವುದು’ ಎಂದಿದ್ದೇನೆ. ತಿರುಪಿನ ಒಂದೊಂದು ಹಂತಕ್ಕೆ ‘ಕ್ಲಿಕ್’ ಎಂಬುದೇ ಸಾಕು: ಒಂದು ಕ್ಲಿಕ್ಕಿಗೆ 25 ಮೀಟರಿನಲ್ಲಿ ಗುಂಡು 10 ಮಿಲಿಮೀಟರ್ ಸರಿಯುವ ಪಿಸ್ತೂಲಿನಲ್ಲಿ 60 ಮಿಲಿಮೀಟರಿನ ತಪ್ಪಿಗೆ ಆರು ಕ್ಲಿಕ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಐದು ಗುಂಡುಗಳ ತೂತುಗಳು ಒತ್ತಾಗಿ ಕೂಡಿರುವುದಕ್ಕೆ ‘ಗುಂಪು’ ಎನ್ನುವುದಕ್ಕಿಂತ ‘ಗೊಂಚಲು’ ನನಗೆ ಇಷ್ಟ. ಗುಂಪಿನಲ್ಲಿ ಬರಿಯ ಸಂಖ್ಯೆಯಿದೆ, ಗೊಂಚಲಿನಲ್ಲಿ ಒತ್ತಾಗಿರುವಿಕೆಯೂ ಇದೆ. ಒತ್ತಾದ ಗೊಂಚಲು ನಡುವಿನಿಂದ ದೂರವಿದ್ದರೆ ತಿರುಪಿಗೆ ಕೈಹಾಕಬಹುದು. ತೂತುಗಳು ಗುರಿಹಲಗೆಯ ತುಂಬ ಚದುರಿದ್ದರೆ ಗೊಂಚಲೇ ಇಲ್ಲ, ಆಗ ತಿರುಪು ಮುಟ್ಟಬಾರದು ಎಂದು ಬರೆಯಲು ಇದರಿಂದ ಅನುಕೂಲವಾಯಿತು. ಟ್ರಿಗರನ್ನು ‘ಎಳೆಯುವುದು’ ಎಂಬ ಬಳಕೆಯನ್ನು ಬಿಟ್ಟು ‘ಒತ್ತುವುದು’ ಎಂದಿದ್ದೇನೆ. ಎಳೆ ಎಂದಾಗ ಹೊಸಬರ ಕೈ ಜಗ್ಗುತ್ತದೆ, ಬಲಗೈಯವರ ಗುಂಡು ಸಾಮಾನ್ಯವಾಗಿ ಅಡಿಯ ಎಡಮೂಲೆಗೆ ಹೋಗುತ್ತದೆ, ಆಮೇಲೆ ಅವರು ಸೈಟನ್ನು ದೂರುತ್ತಾರೆ.

ಕೊನೆಯದಾಗಿ ‘ಖಾಲಿ’. ಗುಂಡು ಹಾರಿಸದೆ ಟ್ರಿಗರ್ ಒತ್ತುವ ಅಭ್ಯಾಸಕ್ಕೆ ‘ಖಾಲಿ ಅಭ್ಯಾಸ’ ಎಂದು ಕೆಲವರು ಬರೆಯುತ್ತಾರೆ. ರಿಮ್‌ಫೈರ್ ಪಿಸ್ತೂಲಿನ ಮಟ್ಟಿಗೆ ಇದರಲ್ಲಿ ಎರಡು ಅಪಾಯಗಳಿವೆ. ಚೇಂಬರಿನಲ್ಲಿ ಏನೂ ಇಲ್ಲದಾಗ ಪಿನ್ನು ತೋಟೆಯ ಅಂಚಿನ ಬದಲು ಚೇಂಬರಿನ ಅಂಚನ್ನೇ ಬಡಿದು ಎರಡೂ ಹಾಳಾಗುವ ಸಂಭವ ಅನೇಕ ಮಾದರಿಗಳಲ್ಲಿದೆ. ಆದ್ದರಿಂದ ಅಂತಹವುಗಳಲ್ಲಿ ಈ ಅಭ್ಯಾಸಕ್ಕೆ ಅಣಕು ತೋಟೆ ಬೇಕು ಅಥವಾ ಪಿನ್ನನ್ನು ತಡೆಯುವ ಅಭ್ಯಾಸದ ಗುಂಡಿ ಇರಬೇಕು. ಅದಕ್ಕಿಂತ ದೊಡ್ಡ ಅಪಾಯ ಪದದ್ದೇ. ಮ್ಯಾಗಜಿನ್ ತೆಗೆದವರೂ ‘ಖಾಲಿ ಮಾಡಿದ್ದೇನೆ’ ಎನ್ನುತ್ತಾರೆ, ಮ್ಯಾಗಜಿನ್ ತೆಗೆದು ಚೇಂಬರನ್ನು ತೆರೆದು ಕಣ್ಣಾರೆ ನೋಡಿದವರೂ ‘ಖಾಲಿ ಮಾಡಿದ್ದೇನೆ’ ಎನ್ನುತ್ತಾರೆ. ಮೊದಲನೆಯವರ ಚೇಂಬರಿನಲ್ಲಿ ಒಂದು ತೋಟೆ ಉಳಿದಿರಬಹುದು. ಕೈಪಿಡಿಯಲ್ಲಿ ‘ಖಾಲಿ’ಯನ್ನು ಒಂದೇ ಒಂದು ಕಡೆಯೂ ಬಳಸದೆ ‘ಮ್ಯಾಗಜಿನ್ ತೆಗೆದಿದೆ, ಚೇಂಬರ್ ನೋಡಿದೆ’ ಎಂದು ಎರಡೂ ಕೆಲಸಗಳನ್ನು ಬೇರೆ ಬೇರೆಯಾಗಿ ಹೇಳಿಸುತ್ತಿದ್ದೇನೆ. ಆದರೆ ಅಭ್ಯಾಸದ ಅಂಕಣದಲ್ಲಿ ಗಟ್ಟಿಯಾಗಿ ಕೂಗಿ ಹೇಳಲು ಇಷ್ಟು ಉದ್ದದ ಮಾತು ನಡೆಯುವುದಿಲ್ಲ. ಎರಡೂ ಕೆಲಸಗಳು ಮುಗಿದಿವೆ ಎಂಬುದನ್ನು ಮಾತ್ರ ಸೂಚಿಸುವ, ಬೇರೆ ಯಾವುದಕ್ಕೂ ಬಳಕೆಯಾಗದ, ಒಂದೇ ಉಸಿರಿನಲ್ಲಿ ಹೇಳಬಹುದಾದ ಕನ್ನಡದ ಮಾತು ಯಾವುದಾದರೂ ನಿಮ್ಮ ಬಳಕೆಯಲ್ಲಿದೆಯೇ?